ಬಿಗಿದು ಕಟ್ಟಿದ ಬಟ್ಟೆ

ಗರ್ಭಕೋಶ ತೆಗೆಸಿ ಎಂಟು ತಿಂಗಳಾದರೂ ಕಿಬ್ಬೊಟ್ಟೆಯ ನೋವು ಹೋಗಿರಲಿಲ್ಲ. ಶಾಲೆಯಲ್ಲಿ ಕಪ್ಪುಹಲಗೆಯ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಒಳಗೆ ಯಾರೋ ಹಿಡಿದು ಹಿಂಡಿದಂತಾಗುತ್ತಿತ್ತು. ಕೆಮ್ಮಿದರೆ ನೋವು, ಸೀನಿದರೆ ನೋವು. ಕಮಲಾಪುರದ ನಮ್ಮ ಮನೆಗೆ ನೋಡಲು ಬಂದವರೆಲ್ಲ ಕೆಂಬಾಳೆ ಹಣ್ಣು ತಂದರು, ಜೊತೆಗೆ ಬುದ್ಧಿಮಾತೂ ತಂದರು. ಗ್ಯಾಸ್ ಇರಬೇಕು, ಮನಸ್ಸಿಗೆ ಹಚ್ಚಿಕೊಳ್ಳಬೇಡ, ಎದ್ದು ನಾಲ್ಕು ರೊಟ್ಟಿ ಬಡಿದರೆ ಎಲ್ಲ ಸರಿಹೋಗುತ್ತದಂತೆ. ನನಗೆ ಬಡಿಯಬೇಕೆನಿಸಿದ್ದು ರೊಟ್ಟಿಯನ್ನಲ್ಲ.

ಅತ್ತೆಯದು ಬೇರೆಯೇ ಹಟ. ಬಾಣಂತಿಗೆ ಕಟ್ಟುವಂತೆ ಹಳೆಯ ನೂಲಿನ ಸೀರೆ ಹರಿದು ದಿನಾ ಬೆಳಿಗ್ಗೆ ನನ್ನ ಹೊಟ್ಟೆಗೆ ಸುತ್ತುತ್ತಿದ್ದರು. ಮಂಚಕ್ಕೆ ಮೊಣಕಾಲು ಊರಿ ಎಳೆಯುತ್ತಿದ್ದರು. ಸಡಿಲ ಮಾಡಿ ಎಂದರೆ ಇನ್ನೊಂದು ಸುತ್ತು. ಕಟ್ಟಿದಾಗ ನೋವು ಕಡಿಮೆ ಅನ್ನಿಸುತ್ತಿದ್ದರಿಂದ ನಾನೂ ಸುಮ್ಮನಿದ್ದೆ.

ಕೊನೆಗೆ ಕಲಬುರಗಿಗೆ ಹೋಗಿ, ಜೇವರ್ಗಿ ಕಾಲೋನಿಯಲ್ಲಿ ಫಿಜಿಯೋಥೆರಪಿ ಮಾಡುವವಳೊಬ್ಬಳ ಮುಂದೆ ಮಲಗಿದೆ. ನನ್ನ ಮಗಳ ವಯಸ್ಸಿನವಳು. ಹೊಟ್ಟೆಗೆ ಸುತ್ತಿದ್ದ ಬಟ್ಟೆ ಬಿಚ್ಚಿಸಿ, ಹೊಕ್ಕುಳ ಕೆಳಗೆ ಎರಡು ಬೆರಳಿಟ್ಟು, ಉಸಿರು ಬಿಡುತ್ತಾ ಹೊಟ್ಟೆ ಒಳಗೆಳೆಯಿರಿ ಎಂದಳು. ಎಳೆದೆ. ಏನೂ ಅಲುಗಾಡಲಿಲ್ಲ. ಇದನ್ನು ಎಷ್ಟು ದಿನದಿಂದ ಕಟ್ಟಿದ್ದೀರಿ ಎಂದು ಕೇಳಿ, ಉತ್ತರ ಕೇಳಿಸಿಕೊಂಡು ಹಣೆ ಚಚ್ಚಿಕೊಂಡಳು. ಕೆಲವು ವಾರ ಆಸರೆಗಿರಬೇಕಾದ ಬಟ್ಟೆಯನ್ನು ಎಂಟು ತಿಂಗಳು ಬಿಗಿದದ್ದರಿಂದ ಸ್ನಾಯುಗಳಿಗೆ ಕೆಲಸವೇ ತಪ್ಪಿಹೋಗಿದೆಯಂತೆ. ದಿನಾ ಎರಡು ಹೊತ್ತು ವ್ಯಾಯಾಮ ಮಾಡಿ ಅವು ಗಟ್ಟಿಯಾಗದಿದ್ದರೆ, ಹೊಲಿಗೆಯ ಜಾಗ ಸಡಿಲಾಗಿ, ಕರುಳು ಗಂಟಿನಂತೆ ಉಬ್ಬಿ, ಇನ್ನೊಮ್ಮೆ ಆಪರೇಷನ್ ಆಗಬೇಕಾದೀತಂತೆ. ಇನ್ನೊಮ್ಮೆ ಎಂಬ ಮಾತಿಗೇ ನನಗೆ ಮೈಯೆಲ್ಲ ಉರಿದುಹೋಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ, ಅತ್ತೆಗೆ ಏನೇನು ಅನ್ನಬೇಕೆಂದು ಜೋಡಿಸಿಕೊಂಡು ಬಂದೆ. ಚಪ್ಪಲಿ ಬಿಡುವ ಮೊದಲೇ ಶುರುಮಾಡಿದೆ. ಬಟ್ಟೆಯನ್ನು ಅವರ ಮುಂದೆ ಎಸೆದು, ನನ್ನ ಹೊಟ್ಟೆ ಹಾಳು ಮಾಡಿದಿರಿ ಎಂದೆ. ಇಪ್ಪತ್ತಾರು ವರ್ಷ ನುಂಗಿಕೊಂಡದ್ದನ್ನೂ ಸೇರಿಸಿ ಬಾಯಿಗೆ ಬಂದದ್ದೆಲ್ಲ ಅಂದೆ.

ಅತ್ತೆ ಎದ್ದರು. ಬಾಗಿಲು ಮುಂದೆ ಮಾಡಿದರು. ಸೆರಗು ಸರಿಸಿ, ತಮ್ಮ ಹೊಟ್ಟೆಗೆ ಸುತ್ತಿದ್ದ ಬಟ್ಟೆ ಬಿಚ್ಚತೊಡಗಿದರು. ಒಂದೇ ಮನೆಯಲ್ಲಿದ್ದೂ ಅವರು ಕಟ್ಟಿಕೊಳ್ಳುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಹಳೆಯ ಹೊಲಿಗೆಯ ಪಕ್ಕ ಮುಷ್ಟಿಯಷ್ಟು ಗಂಟು ಹೊರಗೆ ಬಂತು. ಅದನ್ನು ಅಂಗೈಯಿಂದ ಒಳಗೆ ಒತ್ತಿದರು.

"ನಂದೂ ಗರ್ಭಚೀಲ ತೆಗಿಸ್ಯಾರ ಯವ್ವಾ. ಬಟ್ಟಿ ಬಿಚ್ಚಿದ್ರ ಹಿಂಗ ಹೊರಗ ಬರ್ತದ. ನಿನಗ ಹಿಂಗ ಆಗಬಾರ್ದಂತ ಗಟ್ಟಿ ಕಟ್ಟೀನಿ."

ಯಾರಿಗೂ ತೋರಿಸಲಿಲ್ಲವೇ ಎಂದೆ. ಯಾರು ಕೇಳಿದರು ಎಂದರು. ನೋಯುವುದಿಲ್ಲವೇ ಎಂದರೆ ಬಟ್ಟೆ ಎತ್ತಿ ಮತ್ತೆ ಸುತ್ತಿಕೊಳ್ಳತೊಡಗಿದರು. ನನ್ನ ಸಿಟ್ಟು ಇಳಿಯಲಿಲ್ಲ, ಇನ್ನೂ ಹೆಚ್ಚಾಯಿತು. ಆದರೆ ಅದು ಅವರ ಮೇಲಿನದಾಗಿರಲಿಲ್ಲ.

ಸಂಜೆ ಗಂಡ ಬಂದು ಚಹಾ ಕುಡಿಯುತ್ತಿದ್ದಾಗ, ನಾಳೆ ನಮ್ಮಿಬ್ಬರನ್ನೂ ಕಲಬುರಗಿಯ ದವಾಖಾನೆಗೆ ಕರೆದುಕೊಂಡು ಹೋಗಬೇಕು ಎಂದೆ. ಅವರು ಚಹಾ ಕೆಳಗಿಟ್ಟು ತಾಯಿಯ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದರು.

"ಅವ್ವಗ ಏನಾಗ್ಯಾದ?" ಎಂದರು.