ಅಂಬತ್ತೂರಿಗೆ ಸಕ್ಕರೆ ಪೊಟ್ಟಣ

ಮಂಗಳೂರಿನಲ್ಲಿ ಮಧ್ಯಾಹ್ನ ಹತ್ತಿದ ರೈಲು ಮರುದಿನ ಬೆಳಿಗ್ಗೆ ಚೆನ್ನೈ ಸೆಂಟ್ರಲ್ ಮುಟ್ಟಿತು. ಎದುರಿನ ಬರ್ತಿನವರು ರಾತ್ರಿಯಿಡೀ ಗೊರಕೆ ಹೊಡೆದರು. ನಾನು ಹೊಡೆದೆನೋ ಇಲ್ಲವೋ ಅವರೇ ಹೇಳಬೇಕು. ಜುಲೈ ತಿಂಗಳು. ಊರಿನಲ್ಲಿ ಕೊಡೆ ಬಿಟ್ಟು ಹೊರಗೆ ಕಾಲಿಡುವಂತಿರಲಿಲ್ಲ. ಇಲ್ಲಿ ಪ್ಲಾಟ್‌ಫಾರ್ಮ್ ದಾಟುವಷ್ಟರಲ್ಲಿ ಬೆವರಿಗೆ ಸೀರೆ ಬೆನ್ನಿಗಂಟಿತ್ತು. ಕೀಲ್ಪಾಕ್‌ಗೆ ಮೆಟ್ರೊ ಹಿಡಿದೆ. ಒಳಗಿನ ತಂಪಿಗೆ ಇಳಿಯುವ ಮನಸ್ಸೇ ಆಗಲಿಲ್ಲ.

ನಾನು ಕುಂದಾಪುರದ ಒಂದು ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನ ನರ್ಸ್. ನನ್ನನ್ನು ಕರೆಸಿದವನು ಚಿಕ್ಕಮ್ಮನ ಮಗ ಸುಧಾಕರ. ಕೀಲ್ಪಾಕ್‌ನಲ್ಲಿ ಅವನದು ಸಣ್ಣ ಸಸ್ಯಾಹಾರಿ ಹೋಟೆಲು, ಮೇಲಿನ ಮಹಡಿಯಲ್ಲೇ ಮನೆ. ಮಗಳು ಶ್ರಾವ್ಯಳಿಗೆ ಹದಿಮೂರು ವರ್ಷ. ಅವಳಿಗೆ ಸಕ್ಕರೆ ಕಾಯಿಲೆ. ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಶಾಲೆಯ ಥ್ರೋಬಾಲ್ ತಂಡಕ್ಕೆ ಆಯ್ಕೆಯಾಗಿದ್ದಳು, ಶನಿವಾರ ನಗರದಂಚಿನ ಅಂಬತ್ತೂರಿನಲ್ಲಿ ಪಂದ್ಯ. ಇಂಥ ಮಗುವನ್ನು ಹೊರಗೆ ಕರೆದೊಯ್ಯುವುದಿಲ್ಲವೆಂದು ಹೆಡ್‌ಮಿಸ್ಟ್ರೆಸ್ ಹೇಳಿಬಿಟ್ಟಿದ್ದರಂತೆ. ಅವರ ಮನಸ್ಸು ತಿರುಗಿಸುವುದು ನನ್ನ ಕೆಲಸ.

"ಹ್ವಾಯ್ ಅಕ್ಕ, ಬನ್ನಿ ಬನ್ನಿ," ಎಂದು ಸುಧಾಕರ ಕ್ಯಾಶ್ ಕೌಂಟರಿನಿಂದ ಎದ್ದು ಬಂದ. "ಮಗ್ಳು ಸಮಾ ಮಾತೇ ಆಡ್ತಿಲ್ಲ. ಶಾಲೆಗ್ ನಾನ್ ಹೋಯಿ ಮಾತಾಡಿರೆ ನಂಗೇ ಸಿಟ್ಟ್ ಬತ್ತ್. ನೀವೇ ಒಂಚೂರ್ ಹೇಳಿ."

ಮೇಲೆ ಮನೆಯಲ್ಲಿ ಇಡ್ಲಿ ಸಾಂಬಾರು ಬಡಿಸಿದರು. ಸಾಂಬಾರು ನಮ್ಮ ಕಡೆಯದಾಗಿರಲಿಲ್ಲ. ಚೆನ್ನೈ ಗಿರಾಕಿಗಳಿಗೆ ಸಿಹಿ ಹಿಡಿಸದೆಂದು ಹೋಟೆಲಿನ ಸಾಂಬಾರಿನಿಂದ ಬೆಲ್ಲ ಎಂದೋ ಹೋಗಿತ್ತು. ಮಗಳಿಗೆ ಕಾಯಿಲೆ ಬಂದ ಮೇಲೆ ಮನೆಯ ಸಾಂಬಾರಿನದೂ ಹೋಯಿತಂತೆ. "ಮನಿಯಂಗೆ ಸಕ್ರಿ ಡಬ್ಬಿಯೇ ಇಲ್ಲ ಅಕ್ಕ, ಇವ್ರು ತೆಗ್ದ್ ಹಾಕಿರ್," ಎಂದಳು ಅವನ ಹೆಂಡತಿ ಸುಮತಿ.

"ಸಕ್ಕರೆ ಇಳಿದು ಹುಡುಗಿಗೆ ತಲೆ ತಿರುಗಿದರೆ ಏನು ಕೊಡ್ತೀಯ?" ಎಂದು ಸುಧಾಕರನನ್ನು ಕೇಳಿದೆ.

"ಅದೆಲ್ಲ ಆತಿಲ್ಲ ಅಕ್ಕ, ನಾನ್ ಬಿಡೂದಿಲ್ಲ."

ಡಾಕ್ಟರು ಎರಡನ್ನೂ ಹೇಳಿರುತ್ತಾರೆ, ಏರಿದರೆ ಏನು, ಇಳಿದರೆ ಏನು ಎಂದು. ಇವನ ತಲೆಯಲ್ಲಿ ಏರುವುದಷ್ಟೇ ಉಳಿದಿತ್ತು. ನನಗೆ ಸಿಟ್ಟು ಬಂತು, ಆದರೆ ಅವನ ಮುಖ ನೋಡಿ ಇನ್ನೊಂದು ಇಡ್ಲಿ ಹಾಕಿಸಿಕೊಂಡೆ.

ಗುರುವಾರ ಮಧ್ಯಾಹ್ನ ಶಾಲೆಗೆ ಹೋದೆ. ಹೆಡ್‌ಮಿಸ್ಟ್ರೆಸ್ ಒಳ್ಳೆಯ ಹೆಂಗಸು. ನೀರುಮಜ್ಜಿಗೆ ತರಿಸಿಕೊಟ್ಟು, ಶ್ರಾವ್ಯಳನ್ನು ಇಡೀ ಶಾಲೆ ಹೇಗೆ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತದೆಂದು ಇಂಗ್ಲಿಷಿನಲ್ಲಿ ವಿವರಿಸಿದರು. ಯಾರದೇ ಹುಟ್ಟುಹಬ್ಬವಿರಲಿ, ಅವಳ ಕೈಗೆ ಚಾಕೊಲೇಟ್ ಹೋಗುವುದಿಲ್ಲ. ಕ್ಯಾಂಟೀನಿನವನು ಅವಳಿಗೆ ಬಿಸ್ಕೆಟ್ ಸಹ ಮಾರುವುದಿಲ್ಲ. ಅಷ್ಟರಲ್ಲಿ ಮೈದಾನದ ಕಡೆಯಿಂದ ಕೂಗು ಕೇಳಿಸಿತು.

ಓಡಿದೆವು. ಶ್ರಾವ್ಯ ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಂಡಿದ್ದಳು. ಪಂದ್ಯಕ್ಕೆ ಹೋಗುವಂತಿಲ್ಲದಿದ್ದರೂ ಅಭ್ಯಾಸಕ್ಕೆ ನಿಂತಿದ್ದಳು. ಆಟ ಎಳೆದು ಊಟ ತಡವಾಗಿತ್ತು. ಈಗ ನೆಲದ ಮೇಲೆ ಕೂತು ನಡುಗುತ್ತಿದ್ದಳು, ಅಂಗಿ ಬೆವರಿನಲ್ಲಿ ತೊಯ್ದಿತ್ತು, ಮಾತು ತೊದಲುತ್ತಿತ್ತು. ಗೆಳತಿಯೊಬ್ಬಳು ಕಡಲೆಮಿಠಾಯಿ ಬಿಚ್ಚಿ ಅವಳ ಬಾಯಿಗಿಡಲು ಹೋದರೆ ಪಿ.ಟಿ. ಮಾಸ್ತರು ಸೆಲ್ವಂ ಅದನ್ನು ಕಿತ್ತುಕೊಂಡರು.

"ಶುಗರ್ ಪೇಷಂಟ್ ಸಿಸ್ಟರ್! ಸ್ವೀಟ್ ಕೊಡುಕ್ಕ ಕೂಡಾದು!" ಎಂದರು ನನಗೆ. ಸಿಹಿ ಕೊಡಬಾರದಂತೆ. ಗಾಬರಿಯಲ್ಲಿ ಅವರ ಕಣ್ಣು ತುಂಬಿತ್ತು.

"ಅಯ್ಯೋ ಮಾರಾಯ್ರೆ, ಈಗ ಅವಳಿಗೆ ಬೇಕಾದ್ದೇ ಸಕ್ಕರೆ! ಸಕ್ಕರೆ ತನ್ನಿ!" ಕನ್ನಡದಲ್ಲೇ ಕಿರುಚಿದೆ. ಅವರಿಗೆ ಅರ್ಥವಾಯಿತು. ಸ್ಟಾಫ್ ರೂಮಿನಿಂದ ಕಾಫಿಯ ಸಕ್ಕರೆ ಡಬ್ಬಿಯನ್ನೇ ಎತ್ತಿಕೊಂಡು ಓಡಿಬಂದರು. ನೀರಿನಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸಿದೆ. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಹುಡುಗಿ ನನ್ನ ಕೈ ಹಿಡಿದು ತಮಿಳಿನಲ್ಲಿ ಕೇಳಿದಳು, "ಆಂಟಿ, ಮ್ಯಾಚ್ ಪೋಚ್ಚಾ?" ಪಂದ್ಯ ಹೋಯಿತೇ ಎಂದು.

"ನೋಡಿದಿರಲ್ಲ? ಇದಕ್ಕೇ ಬೇಡ ಎಂದದ್ದು," ಎಂದರು ಹೆಡ್‌ಮಿಸ್ಟ್ರೆಸ್.

"ಇದು ಅಂಬತ್ತೂರಿನಲ್ಲಿ ಆದದ್ದಲ್ಲ ಮೇಡಂ, ನಿಮ್ಮ ಅಂಗಳದಲ್ಲೇ ಆದದ್ದು. ಅವಳನ್ನು ಇನ್ನೆಲ್ಲಿ ಕೂರಿಸ್ತೀರಿ?" ಎಂದೆ. ಸ್ವರ ಸ್ವಲ್ಪ ಜೋರಾಯಿತೆಂದು ಕಾಣುತ್ತದೆ. ಸೆಲ್ವಂ ಕೈಯಲ್ಲಿ ಆ ಮಿಠಾಯಿ ಇನ್ನೂ ಇತ್ತು. ಅದನ್ನೇ ನೋಡುತ್ತಾ ಹೇಳಿದರು, "ನಾನ್ ಪಾತ್ತುಕ್ಕಿರೇನ್ ಮೇಡಂ." ನಾನು ನೋಡಿಕೊಳ್ಳುತ್ತೇನೆ ಎಂದು.

ಹೆಡ್‌ಮಿಸ್ಟ್ರೆಸ್ ಒಂದು ಷರತ್ತಿನ ಮೇಲೆ ಒಪ್ಪಿದರು: ನಾನು ಎಲ್ಲ ಶಿಕ್ಷಕರಿಗೂ ಹೇಳಿಕೊಡಬೇಕು, ಪಂದ್ಯಕ್ಕೂ ಜೊತೆಗೆ ಹೋಗಬೇಕು. ಊರಿಗೆ ಮರಳುವ ಶುಕ್ರವಾರದ ಟಿಕೆಟ್ ರದ್ದು ಮಾಡಿಸಿದೆ. ಮರುದಿನ ಸ್ಟಾಫ್ ರೂಮಿನಲ್ಲಿ ನನ್ನ ಪಾಠ. ಎದುರು ಬೆಂಚಿನಲ್ಲಿ ಸೆಲ್ವಂ, ಪರೀಕ್ಷೆಗೆ ಕೂತ ಹುಡುಗನ ಹಾಗೆ. ಅವರ ಪ್ರಶ್ನೆಗಳೇ ಹೆಚ್ಚಿದ್ದವು.

ಶನಿವಾರ ಬೆಳಿಗ್ಗೆ ವ್ಯಾನು ಹತ್ತುವ ಮುಂಚೆ ಸುಧಾಕರ ಬಂದ. ಪಾರ್ಸೆಲ್ ಕಾಫಿಯ ಜೊತೆ ಕೊಡುವ ಸಣ್ಣ ಸಕ್ಕರೆ ಪೊಟ್ಟಣಗಳನ್ನು ಸೆಲ್ವಂ ಕೈಗಿಟ್ಟು ಹೋಟೆಲಿಗೆ ಹಿಂತಿರುಗಿದ. ದಾರಿಯುದ್ದಕ್ಕೂ ಲಾರಿ, ಹೊಗೆ, ಕಾರ್ಖಾನೆ ಗೋಡೆ. ಮಕ್ಕಳು ಹಾಡುತ್ತಲೇ ಇದ್ದರು.

ಎರಡನೆಯ ಸುತ್ತಿನ ನಡುವೆ ಶ್ರಾವ್ಯ ತಾನಾಗಿಯೇ ಕೈ ಎತ್ತಿ ಹೊರಬಂದಳು. ನಾನು ಏಳುವುದರೊಳಗೆ ಸೆಲ್ವಂ ಪೊಟ್ಟಣ ಹರಿದು ನೀರಿಗೆ ಸುರಿದಿದ್ದರು. ಎದುರು ತಂಡದ ಹುಡುಗಿಯರು ಬಾಯಿ ಬಿಟ್ಟು ನೋಡಿದರು; ಅವಳು ಕ್ಯಾರೇ ಅನ್ನಲಿಲ್ಲ. ಕುಡಿದಳು, ಕೂತಳು, ಬೆರಳು ಚುಚ್ಚಿ ಸಕ್ಕರೆ ನೋಡಿಕೊಂಡು ಬಿಸ್ಕೆಟ್ ತಿಂದಳು, ಕೊನೆಯ ಸುತ್ತಿಗೆ ಮತ್ತೆ ಇಳಿದಳು. ನಮ್ಮ ತಂಡ ಸೋತಿತು. ವಾಪಸ್ ಬರುವಾಗ ವ್ಯಾನಿನಲ್ಲಿದ್ದ ಗಲಾಟೆ ನೋಡಿದರೆ ಯಾರೂ ಹಾಗೆನ್ನುವಂತಿರಲಿಲ್ಲ.

ಸಂಜೆ ಸೆಂಟ್ರಲ್‌ಗೆ ಸುಧಾಕರ ಬುತ್ತಿ ಹಿಡಿದು ಬಂದ. "ಹೋಟ್ಲಿಂದಲ್ಲ ಅಕ್ಕ, ಮನಿದ್. ಬಿಸಿ ಇಪ್ಪತಿಗೇ ತಿನ್ನಿ, ಆರೂಕ್ ಬಿಡ್ಬೇಡಿ," ಎಂದ. ಏನೋ ಹೇಳಲು ಹೊರಟವನು ನನ್ನ ಚೀಲವನ್ನು ಸೀಟಿನ ಕೆಳಗೆ ಸುಮ್ಮನೆ ಎರಡು ಸಲ ಸರಿಸಿದ.

ಅರಕ್ಕೋಣಂ ದಾಟಿದ ಮೇಲೆ ಬುತ್ತಿ ಬಿಚ್ಚಿದೆ. ಇಡ್ಲಿ ಮುರಿದು ಸಾಂಬಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ಬೆಲ್ಲ ಇತ್ತು.