ಮೂರನೆಯ ಬೆರಳು

ಕೋವಿಡ್ ಕಳೆದ ಮರುವರ್ಷ ನಾನು ಪದವಿ ಕಾಲೇಜಿನ ಇಂಗ್ಲಿಷ್ ಉಪನ್ಯಾಸಕಿ ಹುದ್ದೆಯಿಂದ ನಿವೃತ್ತಳಾದೆ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಚನ್ನಗಿರಿ ಬಸ್ ನಿಲ್ದಾಣದ ಹತ್ತಿರ ಔಷಧಿ ಅಂಗಡಿಯ ಮೇಲೊಂದು ಕೋಣೆ ಹಿಡಿದು ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳಿಕೊಡತೊಡಗಿದೆ. ವ್ಯಾಕರಣಕ್ಕಿಂತ ನನ್ನ ಹಟವೆಲ್ಲ ಸ್ವರಗಳ ಮೇಲೆ. ಆ್ಯಪಲ್ ಎನ್ನುವಾಗಿನ 'ಆ್ಯ'ಗೆ ಕೆಳದವಡೆಯನ್ನು ಚೆನ್ನಾಗಿ ಇಳಿಸಬೇಕು. ನಾವೋ, ನಾಲ್ಕು ಜನರ ಮುಂದೆ ಬಾಯಿ ತೆರೆಯಲೇ ನಾಚುವವರು. ಹಾಗಾಗಿ ಪ್ರತಿಯೊಬ್ಬರ ಕೈಗೂ ಒಂದು ಕನ್ನಡಿ ಕೊಟ್ಟು, "ನನ್ನ ಬಾಯಿ ನೋಡಿ, ಆಮೇಲೆ ನಿಮ್ಮದು ನೋಡಿಕೊಳ್ಳಿ" ಎನ್ನುತ್ತಿದ್ದೆ.

ಕೆರೆಬಿಳಚಿಯಿಂದ ನಸ್ರೀನ್ ಎಂಬ ಹೆಣ್ಣುಮಗಳು ಬರುತ್ತಿದ್ದಳು. ಬಿ.ಎ. ಓದಿದವಳು, ಒಬ್ಬ ಮಗಳ ತಾಯಿ. ಸುಗ್ಗಿಯಲ್ಲಿ ಅಮ್ಮನ ಜೊತೆ ಅಡಿಕೆ ಸುಲಿಯಲು ಕೂತೇ ಬೆಳೆದವಳು. ನಲ್ಲೂರಿನ ನರ್ಸರಿ ಶಾಲೆಯೊಂದರಲ್ಲಿ ಟೀಚರ್ ಕೆಲಸ ಖಾಲಿಯಿತ್ತು. ಸೋಮವಾರ ಮಕ್ಕಳಿಗೆ ಒಂದು ಪಾಠ ಮಾಡಿ ತೋರಿಸಬೇಕು, ಒಪ್ಪಿಗೆಯಾದರೆ ಕೆಲಸ.

"ಇದೊಂದು ಆಗಿಬಿಟ್ರೆ ಅಡಿಕೆ ರಾಶಿ ಮುಂದೆ ಕೂರಾದು ತಪ್ಪತೈತೆ ಮೇಡಂ," ಎಂದಿದ್ದಳು.

ಓದು, ಬರಹ ಎರಡರಲ್ಲೂ ಅವಳೇ ಮುಂದು. ಆದರೆ ಬಾಯಿ ಅಗಲಿಸುವ ಸ್ವರ ಬಂದರೆ ಸಾಕು, ಸದ್ದು ಹಲ್ಲಿನ ಹಿಂದೆಯೇ ಉಳಿಯುತ್ತಿತ್ತು. ಸಂಕೋಚವಿರಬೇಕು ಎಂದುಕೊಂಡೆ. ಅದಕ್ಕೆ ನನ್ನದೊಂದು ಹಳೆಯ ಮದ್ದಿದೆ: ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಳ್ಳುವುದು. ಮೂರು ಬೆರಳು ಹಿಡಿದರೆ ದವಡೆ ಸಾಕಷ್ಟು ಇಳಿದಂತೆ. ಉಳಿದವರು ಕಿಸಿಕಿಸಿ ನಗುತ್ತಾ ಇಟ್ಟುಕೊಂಡರು. ನಸ್ರೀನಳ ಬಾಯಲ್ಲಿ ಎರಡನೆಯ ಬೆರಳಿಗೇ ಜಾಗವಿರಲಿಲ್ಲ.

"ಇಷ್ಟೇ ಮೇಡಂ ತೆರಿಯಾದು. ತುತ್ತೂ ಸಣ್ಣದು ಮಾಡ್ಕೊಂಡು ಉಣ್ತೀನಿ. ಖಾರ ತಿಂದ್ರೆ ಉರಿತೈತೆ."

ಸುಲಿಯುವಾಗ ತೂಕಡಿಕೆ ಬರದಿರಲೆಂದು ಒಂದು ಹೋಳು ಬಾಯಿಗೆ ಹಾಕಿಕೊಳ್ಳುವುದು ಆ ಹೆಂಗಸರ ರೂಢಿ. ತಂಬಾಕಿಲ್ಲ, ಸುಣ್ಣವಿಲ್ಲ, ಬರೀ ಅಡಿಕೆ ತಾನೆ ಎಂದು ಇವಳೂ ಚಿಕ್ಕಂದಿನಿಂದ ಜಗಿದಿದ್ದಳು. ದಂತವೈದ್ಯರ ಬಳಿ ಕರೆದುಕೊಂಡು ಹೋದೆ. ಕೆನ್ನೆಯ ಒಳಪದರ ಬಿರುಸಾಗಿ, ಬಾಯಿ ತೆರೆಯುವುದೇ ಕಡಿಮೆಯಾಗುತ್ತಾ ಹೋಗುವ ಕಾಯಿಲೆಯಿದು, ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಹೆಸರು ಎಂದರು.

"ಸೋಮವಾರದೊಳಗೆ ಸರಿ ಹೋಗತೈತೇನ್ರಿ ಡಾಕ್ಟ್ರೇ?" ನಸ್ರೀನ್ ಕೇಳಿದಳು.

"ಸೋಮವಾರದ ಮಾತು ಆಡಬ್ಯಾಡಮ್ಮ. ಮೊದಲು ಅಡಿಕೆ ನಿಲ್ಲಿಸು. ಇನ್ನೂ ಹೆಚ್ಚಾಗದಂಗೆ ನೋಡ್ಕೊಳ್ಳೋಣ."

ಸೋಮವಾರ ನಾನೂ ಅವಳ ಜೊತೆ ನಲ್ಲೂರಿಗೆ ಹೋದೆ. ಮೊಣಕಾಲೂರಿ ಮಕ್ಕಳ ಎತ್ತರಕ್ಕೆ ಕೂತು, ಕೈಯಲ್ಲೊಂದು ಸೇಬು ಹಿಡಿದು ಪಾಠ ಮಾಡಿದಳು. ಅಷ್ಟು ಚೆಂದದ ಪಾಠವನ್ನು ನಾನು ಇಡೀ ಸರ್ವೀಸಿನಲ್ಲಿ ಮಾಡಿಲ್ಲ. ಮಕ್ಕಳು ರೆಪ್ಪೆ ಮಿಟುಕಿಸದೆ ಅವಳ ಬಾಯನ್ನೇ ನೋಡಿದವು. ಆಮೇಲೆ ಎಲ್ಲವೂ ಒಟ್ಟಿಗೆ, ಅವಳಂತೆಯೇ ಹಲ್ಲು ಬಿಗಿಹಿಡಿದು 'ಆ್ಯಪಲ್' ಎಂದವು.

ಮುಖ್ಯ ಶಿಕ್ಷಕಿ ಕೆಟ್ಟವರೇನಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ಮಕ್ಳು ಟೀಚರ್ ಬಾಯಿ ನೋಡ್ಕೊಂಡೇ ಕಲಿಯಾದು ಮೇಡಂ. ನಾನೇನು ಮಾಡ್ಲಿ ಹೇಳ್ರಿ?" ಎಂದರು. ಜೀವಮಾನವೆಲ್ಲ ನಾನೂ ಅದನ್ನೇ ಹೇಳಿಕೊಂಡು ಬಂದವಳು. ವಾಪಸು ಬರುವಾಗ ನಸ್ರೀನ್ ಬಸ್ಸಿನ ಕಿಟಕಿಯತ್ತ ಮುಖ ಮಾಡಿ ಕೂತಿದ್ದಳು.

ಮಾತು ಕಲಿಸುವ ಮೊದಲು ಬಾಯಿ ನೋಡಬೇಕೆಂದು ಈ ಕೆಲಸ ನನಗೆ ಕಲಿಸಿತು. ಈಗ ಪ್ರತಿ ತಂಡಕ್ಕೂ ಮೊದಲ ದಿನವೇ ಮೂರು ಬೆರಳಿನ ಪರೀಕ್ಷೆ. ತೊಂದರೆ ಕಂಡವರನ್ನು ವೈದ್ಯರ ಬಳಿ ಅಟ್ಟುತ್ತೇನೆ. ಅದಕ್ಕಿಂತ ಹೆಚ್ಚಿನದು ನನ್ನ ಕೈಯಲ್ಲಿಲ್ಲ.

ಆ ಪರೀಕ್ಷೆ ಶುರುವಾದದ್ದು ನಸ್ರೀನಳ ಮಗಳಿಂದಲೇ. ನಲ್ಲೂರಿನಿಂದ ಬಂದ ಮುಂದಿನ ವಾರ ನಸ್ರೀನ್ ಅವಳನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದಳು. ರಾಶಿಯ ಪಕ್ಕ ಆಡುವಾಗ ಆ ಮಗುವೂ ಹೋಳು ಬಾಯಿಗೆ ಹಾಕಿಕೊಳ್ಳುತ್ತಿತ್ತಂತೆ.

"ನಂದು ಹೋಗ್ಲಿ ಬಿಡ್ರಿ ಮೇಡಂ. ಇವಳ್ದು ನೋಡ್ರಿ."

ಹುಡುಗಿ ಬೆರಳು ಜೋಡಿಸಿದಳು. ಮೂರನೆಯದೂ ಸಲೀಸಾಗಿ ಒಳಗೆ ಹೋಯಿತು. ನಸ್ರೀನ್ ನಕ್ಕಳು, ತೆರೆಯುವಷ್ಟೇ ಬಾಯಲ್ಲಿ.