ಹೆಗಡೆ ಸರ್ ಕೆಡಿಸಿ ಕಟ್ಟಿದ ಮಾಲೆ

ಕುಮಟೆಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ತ್ರ್ಯಂಬಕ ಹೆಗಡೆಯವರಿಗೆ ತಮ್ಮ ಪರಾಕ್ರಮದ ಬಗ್ಗೆ ಭ್ರಮೆಯೇನೂ ಇರಲಿಲ್ಲ. ಕಪ್ಪೆಯ ಪಾಠಕ್ಕೆ ತಾನು ಸಿಂಹ, ಜೀವಕೋಶದ ಪಾಠಕ್ಕೆ ತಾನೇ ಕಪ್ಪೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ನಗುತ್ತಿದ್ದರು. ಆದರೆ ಆ ಶನಿವಾರ ನಗು ಬರಲಿಲ್ಲ. ಹಳೆಯ ವಿದ್ಯಾರ್ಥಿನಿ, ಈಗ ಆರ್‌ಎನ್‌ಎ ಸಂಶೋಧಕಿಯಾಗಿರುವ ಬೆಳಕೆಯ ವಿಭಾ, ಹೆಗಡೆಯವರ ಪಾಠ ಕೇಳಲು ತರಗತಿಗೆ ಬರುವವಳಿದ್ದಳು. "ನನಗೆ ಆರ್‌ಎನ್‌ಎ ಹುಚ್ಚು ಹಿಡಿಸಿದವರೇ ಹೆಗಡೆ ಸರ್" ಎಂದು ಊರೆಲ್ಲ ಹೇಳಿದ್ದಳು. ಆ ಭೂಪನಿಗೆ ವಿಷಯ ಅರ್ಧವೇ ಗೊತ್ತೆಂದು ಅವಳೆದುರೇ ಬಯಲಾದರೆ?

ಹೆಗಡೆಯವರು ಯುದ್ಧಕ್ಕೆ ಸನ್ನದ್ಧರಾದರು. ಆಯುಧ, ಹೆಬಳೆಯಿಂದ ತರಿಸಿದ ಮಲ್ಲಿಗೆ. ಮಾಲೆಯೇ ಆರ್‌ಎನ್‌ಎ, ಅಂದರೆ ಜೀವಕೋಶ ಓದಿ ಪ್ರೋಟೀನು ತಯಾರಿಸಲು ಬಳಸುವ ಜೀನಿನ ಪ್ರತಿ. ಓದುವ ಯಂತ್ರ ಅವರದೇ ಎರಡು ಬೆರಳು. ನಡುನಡುವೆ ಸಿಕ್ಕಿಸಿದ ಅಬ್ಬಲಿಗೆ, ಅಂದರೆ ಕನಕಾಂಬರ, ಓದುತ್ತ ಹೋದಂತೆ ಉದುರುವ ಗುರುತಿನ ಪ್ರೋಟೀನು. ತುಳಸಿ ಕುಡಿ ಎಂದರೆ 'ಇಲ್ಲಿಗೆ ಮುಗಿಯಿತು'. ಒಳ್ಳೆಯ ಮಾಲೆಯಲ್ಲಿ ತುಳಸಿ ಕೊನೆಯಲ್ಲಿ. ಅಷ್ಟರಲ್ಲಿ ಅಬ್ಬಲಿಗೆಯೆಲ್ಲ ಉದುರಿರುತ್ತದೆ. ಕೆಟ್ಟ ಮಾಲೆಯಲ್ಲಿ ತುಳಸಿ ನಡುವೆಯೇ. ಓದು ಅಲ್ಲಿಗೇ ನಿಂತು ಆಚೆಯ ಅಬ್ಬಲಿಗೆ ಹಾಗೇ ಉಳಿಯುತ್ತದೆ. ಅಂಥ ಮಾಲೆಯನ್ನು ಕಾವಲು ಪ್ರೋಟೀನೊಂದು ಹಿಡಿದು ಚೂರುಚೂರಾಗಿ ಹರಿದುಹಾಕಿಸುತ್ತದೆ. ಅದು ಹೇಗೆ ಹಿಡಿಯುತ್ತದೆ ಎಂಬುದೇ ಅವರಿಗೆ ಗೊತ್ತಿಲ್ಲದ ಉಳಿದರ್ಧ.

ಒಳ್ಳೆಯ ಮಾಲೆಯನ್ನು ಹೆಂಡತಿ ಮಾಲತಿ ಕಟ್ಟಿದಳು. ಕೆಟ್ಟದ್ದನ್ನು ಯಾರಿಗೂ ಹೇಳದೆ ಹೆಗಡೆಯವರೇ ಕಟ್ಟಿಟ್ಟರು; ಆ ಕೆಲಸಕ್ಕೆ ಅವರಲ್ಲಿ ಸಹಜ ಪ್ರತಿಭೆಯಿತ್ತು.

ತರಗತಿಯಲ್ಲಿ ಮೊದಲ ಮಾಲೆ ಗೆದ್ದಿತು. ಎರಡನೆಯದನ್ನು ಬಾಳೆಎಲೆಯಿಂದ ಬಿಚ್ಚಿ, "ಈಗ ನೋಡಿ ಸಂಹಾರ!" ಎಂದು ಗರ್ಜಿಸಿ ಬೆರಳೋಡಿಸಿದರು. ಅಬ್ಬಲಿಗೆ ಒಂದೊಂದಾಗಿ ಉದುರಿತು. ತುಳಸಿ ಸಿಕ್ಕಿದ್ದು ಕೊನೆಯಲ್ಲಿ.

"ಎಂತ ಸರ್, ಇದೂ ಸರಿಯಾಗೇ ಅದೆಯಲ್ಲ?" ಹಿಂದಿನ ಬೆಂಚಿನಿಂದ ವಿಭಾ ಕೇಳಿದಳು.

ಹೆಗಡೆಯವರು ಮನೆಗೆ ಫೋನ್ ಹಚ್ಚಿದರು. ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿಹೋಯಿತು.

"ನಿಂಗ ಕಟ್ಟಿದ್ದು ನೋಡ್ದಿ," ಮಾಲತಿಯ ದನಿ ತರಗತಿಯನ್ನೆಲ್ಲ ತುಂಬಿತು. "ನಡುಮಧ್ಯ ತುಳಸಿ! ನಾನೇ ಬಿಚ್ಚಿ ಸರಿ ಮಾಡಿ ಕಟ್ಟಿದ್ದಿ. ಅಂಥಾ ಮಾಲೆ ನಮ್ಮನೆಯಿಂದ ಹೊರಗೆ ಹೋದ್ರೆ ನನ್ನ ಮರ್ಯಾದೆ ಎಂತ ಆಗ್ತು?"

ನಗು ಇಳಿಯುವಷ್ಟರಲ್ಲಿ ವಿಭಾ ಮುಂದೆ ಬಂದು ಉದುರಿದ ಅಬ್ಬಲಿಗೆಯನ್ನು ಮತ್ತೆ ಸಿಕ್ಕಿಸಿ, ತುಳಸಿಯನ್ನು ನಡುವಿಗೆ ತಂದಿದ್ದಳು. "ಸರ್, ಕಾವಲಿನವ ಇದನ್ನು ಹೇಗೆ ಹಿಡಿತಾನೆ, ಹೇಳಿ."

ಹೆಗಡೆಯವರು ಫೋನನ್ನು ಮೇಜಿನ ಮೇಲಿಟ್ಟರು. "ಗೊತ್ತಿಲ್ಲ ಮಾರಾಯ್ತಿ. ಇಷ್ಟು ಮರ್ಯಾದೆ ಹೋದಮೇಲೆ ಉಳಿದದ್ದನ್ನು ಇಟ್ಕಂಡು ಎಂತ ಮಾಡ್ಲಿ? ನೀನೇ ಹೇಳು."

"ಅವ ಹೂವನ್ನು ನೋಡುದೇ ಇಲ್ಲ ಸರ್. ಯಾವ ಮಾಲೆ ಸಿಕ್ಕರೂ ಒಳಗಿನ ಬಾಳೆನಾರು ಹಿಡಿದು ಕೂತ್ಕಳ್ತಾನೆ. ಓದುವ ಯಂತ್ರ ಬಂದರೆ ಅವನನ್ನ ದೂಡಿಹಾಕ್ತದೆ. ಅದು ಬಾರದ ಕಡೆ ಕೂತೇ ಇರ್ತಾನೆ. ಅಲ್ಲಿ ಅಬ್ಬಲಿಗೆಯೂ ಉಳಿದಿದ್ರೆ ಹರಿದುಹಾಕುವವರನ್ನು ಕರೀತಾನೆ."

"ಓದು ಬಾರದು, ಸಿಕ್ಕಿದ್ದನ್ನು ಹಿಡಿದು, ಯಾರಾದರೂ ದೂಡುವ ತನಕ ಕೂತಿರುವುದು! ಆ ಪಾತ್ರ ನನಗೇ ಕೊಡು."

ಹೆಗಡೆಯವರು ತುಳಸಿಯಾಚೆಯ ನಾರು ಹಿಡಿದರು. ವಿಭಾಳ ಬೆರಳು ಮಲ್ಲಿಗೆ ದಾಟುತ್ತ ಬಂದು ತುಳಸಿಯ ಹತ್ತಿರ ನಿಂತಿತು; ಆಚೆಯ ಅಬ್ಬಲಿಗೆ ಉದುರದೆ ಹಾಗೇ ಉಳಿಯಿತು.

"ಬಿಡಬೇಡಿ ಸರ್. ಈಗ ಎಲ್ಲ ನಿಮ್ಮ ಹಿಡಿತದ ಮೇಲೇ."

ಹೆಗಡೆಯವರು ಎದೆಯುಬ್ಬಿಸಿ, ನಾರು ಬಿಡದೆ, ಮುಂದಿನ ಬೆಂಚಿನವರನ್ನು ಕೂಗಿದರು: "ಬನ್ರೋ, ಹರೀರಿ!"